ನೇತ್ರಾಣಿಯ ನೀರಿನಲ್ಲಿ ಕಲಿತ ಪಾಠ

ಅರವತ್ತು ದಾಟಿದ ಮೇಲೆ ಮನುಷ್ಯನು ಹೇಳುವುದೇ ಹೆಚ್ಚು, ಕೇಳುವುದು ಕಡಿಮೆ. ನಾವೂ ಈ ಮಾತಿಗೆ ಹೊರತಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಲಿತ ನಾಲ್ಕಕ್ಷರವನ್ನು ನಲವತ್ತು ವರ್ಷಗಳ ಕಾಲ ಊರೂರು ತಿರುಗಿ ಹೇಳುತ್ತ ಬಂದವರು ನಾವು. ಪುರಾಣ, ಪ್ರವಚನ, ಮಕ್ಕಳಿಗೆ ಸಂಸ್ಕೃತ ಪಾಠ, ಇವುಗಳಲ್ಲೇ ಆಯುಷ್ಯ ಸವೆದಿದೆ. ಇಂಥ ನಮಗೆ ಅರವತ್ತಮೂರನೆಯ ವಯಸ್ಸಿನಲ್ಲಿ, ಮೊಮ್ಮಗಳ ವಯಸ್ಸಿನ ಹೆಣ್ಣುಮಗಳೊಬ್ಬಳು ಗುರುವಾಗಿ, ಉಸಿರಾಡುವುದು ಹೇಗೆಂಬುದನ್ನು ಮೊದಲಿನಿಂದ ಹೇಳಿಕೊಟ್ಟಳು. ಆ ಸಂಗತಿಯನ್ನು ಓದುಗ ಬಂಧುಗಳ ಮುಂದೆ ಇಡಲು ನಮಗೆ ಸಂಕೋಚವಿದೆ. ಆದರೆ ಇದರಲ್ಲಿ ಮಕ್ಕಳಿರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಒಂದು ವಿಷಯವಿದೆ. ಅದನ್ನು ತಿಳಿಯದೆ ನಾವು ಐವತ್ತು ವರ್ಷ ಕಳೆದೆವು. ಆದ್ದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇವೆ.

ನಮ್ಮೂರು ಮುಕ್ಕುಂದ, ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಹಳ್ಳಿ. 1953ರಲ್ಲಿ ಮೇಲ್ಗಡೆ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ನಮ್ಮ ತಾಲ್ಲೂಕು ಭತ್ತದ ಕಣಜವೆಂದು ಹೆಸರಾಯಿತು. ಹೊಳೆ ಮಾತ್ರ ಬೇಸಿಗೆಯಲ್ಲಿ ಸೊರಗಿ, ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳಾಗಿ ನಿಲ್ಲುತ್ತಿತ್ತು. ಆ ಮಡುಗಳೇ ಊರ ಹುಡುಗರ ಆಡುಂಬೊಲ. ಮೈ ತೊಳೆಯಲೆಂದು ಎಮ್ಮೆಗಳನ್ನು ಇಳಿಸಿದರೆ, ಎಮ್ಮೆಗಳಿಗಿಂತ ಹೆಚ್ಚು ಹೊತ್ತು ನಾವೇ ನೀರಿನಲ್ಲಿರುತ್ತಿದ್ದೆವು. ನಮಗೆ ಈಜು ಯಾರೂ ಕಲಿಸಲಿಲ್ಲ. ನೀರು ತಾನೇ ಕಲಿಸಿತು.

1973ರ ಬೇಸಿಗೆ. ನಮಗೆ ಹನ್ನೆರಡು ವರ್ಷ. ನಮ್ಮ ಓಣಿಯಲ್ಲಿಯೇ ನಮ್ಮ ಸರೀಕ ಗೆಳೆಯನೊಬ್ಬನಿದ್ದ. ಒಂದೇ ಪಾಟಿಯಲ್ಲಿ ಬರೆದು, ಒಂದೇ ರೊಟ್ಟಿ ಹಂಚಿ ತಿಂದವರು ನಾವಿಬ್ಬರು. ಒಂದು ಮಧ್ಯಾಹ್ನ ಮಡುವಿನಲ್ಲಿ ನಮಗೆ ಪಂದ್ಯ ಬಿತ್ತು: ತಲೆ ಮುಳುಗಿಸಿ ಯಾರು ಹೆಚ್ಚು ಹೊತ್ತು ಇರುತ್ತಾರೆಂದು. ಪಂದ್ಯ ಕಟ್ಟಿದವರು ನಾವು. ಹಿಂದಿನ ದಿನ ಸೋತಿದ್ದೆವು, ಅದರ ಸಿಟ್ಟಿತ್ತು. ಮುಳುಗುವ ಮೊದಲು ಇಪ್ಪತ್ತು ಮೂವತ್ತು ಸಲ ರಭಸದಿಂದ ಉಸಿರೆಳೆದು ಬಿಟ್ಟರೆ ಎದೆಯಲ್ಲಿ ಗಾಳಿ ತುಂಬಿ ನಿಲ್ಲುತ್ತದೆಂಬ ಉಪಾಯವನ್ನು ಕಂಡುಹಿಡಿದವರೂ ನಾವೇ; ಅದನ್ನು ಅವನಿಗೆ ಹೇಳಿಕೊಟ್ಟವರೂ ನಾವೇ. ಇಬ್ಬರೂ ತಿದಿ ಊದಿದಂತೆ ಊದಿ ಮುಳುಗಿದೆವು. ನಾವು ಮೇಲೆ ಬಂದೆವು. ಅವನು ಬರಲಿಲ್ಲ. ಗೆದ್ದನೆಂದು ತಿಳಿದು ನಾವು ಎಣಿಸುತ್ತ ನಿಂತೆವು. ನೀರು ಕದಡಲಿಲ್ಲ, ಗುಳ್ಳೆ ಏಳಲಿಲ್ಲ, ಕೈ ಮೇಲೆ ಬರಲಿಲ್ಲ. ಎಣಿಕೆ ಎಲ್ಲಿ ನಿಂತಿತೋ ನೆನಪಿಲ್ಲ.

ಕೂಗು ಕೇಳಿ ಹೊಲದಲ್ಲಿದ್ದವರು ಓಡಿಬಂದು ಎತ್ತಿದರು. ತಲೆಕೆಳಗಾಗಿ ಹಿಡಿದು ತಿರುಗಿಸಿದರು, ಹೊಟ್ಟೆ ಒತ್ತಿದರು. ಆ ಕಾಲಕ್ಕೆ ಅವರಿಗೆ ತಿಳಿದದ್ದು ಅಷ್ಟೇ. ಸುಳಿಗೆ ಸಿಕ್ಕನೆಂದು ಕೆಲವರು ಅಂದರು. ಗಂಗಮ್ಮ ಕರೆದುಕೊಂಡಳೆಂದು ಕೆಲವರು ಅಂದರು. ನಿಂತ ಮಡುವಿನಲ್ಲಿ ಸುಳಿ ಎಲ್ಲಿಂದ ಬಂದೀತೆಂದು ಯಾರೂ ಕೇಳಲಿಲ್ಲ. ನಮ್ಮನ್ನು ಕೇಳಿದಾಗ ‘ಗೊತ್ತಿಲ್ಲ’ ಎಂದೆವು. ಪಂದ್ಯದ ಮಾತನ್ನು ನಾವು ಯಾರ ಮುಂದೆಯೂ ಆಡಲಿಲ್ಲ. ಮುಂದಿನ ತಿಂಗಳು ನಮ್ಮ ತಂದೆಯವರು ನಮ್ಮನ್ನು ಕರೆದೊಯ್ದು ಮಠದ ಪಾಠಶಾಲೆಗೆ ಬಿಟ್ಟರು. ಆ ಮಾತೂ ನಮ್ಮ ಸಂಗಡವೇ ಮಠಕ್ಕೆ ಬಂತು.

ಮಠದಲ್ಲಿ ಬೆಳಗಿನ ಜಾವ ಪ್ರಾಣಾಯಾಮದ ಅಭ್ಯಾಸವಿತ್ತು. ಪೂರಕ, ರೇಚಕಗಳಲ್ಲಿ ನಾವು ಸಾಮಾನ್ಯರಾಗಿದ್ದೆವು. ಕುಂಭಕದಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿರಲಿಲ್ಲ. ಗುರುಗಳು ನಾಲ್ಕು ಜನರ ಮುಂದೆ ನಮ್ಮನ್ನು ಹೊಗಳಿದ್ದುಂಟು. ಉಸಿರು ಹಿಡಿದಾಗಲೆಲ್ಲ ನಾವು ಆ ಮಡುವಿನೊಳಗೆ ಇರುತ್ತಿದ್ದೆವೆಂಬುದು ಅವರಿಗೆ ತಿಳಿದಿರಲಿಲ್ಲ. ಮುಂದೆ ಊರಿಗೆ ಮರಳಿ ಮನೆಯ ಹಿರಿಯರಾದ ಮೇಲೆ ಒಂದು ಕಟ್ಟಳೆ ಮಾಡಿದೆವು: ನಮ್ಮ ಮನೆತನದ ಯಾವ ಕೂಸೂ ಹೊಳೆಗೆ ಇಳಿಯಕೂಡದು. ನಾವೂ ಮೊಣಕಾಲುದ್ದದ ನೀರಿಗಿಂತ ಮುಂದೆ ಹೋದವರಲ್ಲ. ದಡದಲ್ಲಿ ಕುಳಿತು ತಂಬಿಗೆಯಿಂದಲೇ ಸ್ನಾನ. ದೋಣಿಯನ್ನೇ ಕಾಯಕವಾಗಿಸಿಕೊಂಡ ಅಂಬಿಗರ ಚೌಡಯ್ಯನ ಕುರಿತು ಎಷ್ಟೋ ಊರುಗಳಲ್ಲಿ ಮಾತನಾಡಿದ್ದೇವೆ. ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗುವ ಪ್ರಸಂಗ ಬಂದರೆ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡಿದ್ದೇವೆ.

ನಮ್ಮ ತಮ್ಮನ ಮೊಮ್ಮಗನೊಬ್ಬ ಬೆಂಗಳೂರಿನಲ್ಲಿ ನೌಕರಿಗೆ ಸೇರಿದ್ದಾನೆ. ಚಿಕ್ಕವನಿದ್ದಾಗ ಹೊಳೆಗೆ ಹೋದನೆಂದು ನಮ್ಮಿಂದಲೇ ಏಟು ತಿಂದವನು. 2024ರ ಸಂಕ್ರಾಂತಿಗೆ ಊರಿಗೆ ಬಂದಾಗ, ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಕಲಿಯುವೆನೆಂದು ನಮ್ಮ ಅಪ್ಪಣೆ ಕೇಳಿದ. ಬೆಂಗಳೂರಿನಲ್ಲಿ ಕೊಳದ ಈಜನ್ನು ನಮಗೆ ತಿಳಿಯದಂತೆ ಮೊದಲೇ ಕಲಿತಿದ್ದನೆಂಬುದೂ ಆಗಲೇ ಹೊರಬಿತ್ತು. ನಮಗೆ ಕೋಪ ಬಂದಿತು. ‘ಬೇಡ’ ಎಂದೆವು. ಅವನು ಎದುರಾಡಲಿಲ್ಲ. ‘ಅಜ್ಜಾರ, ನೀವೂ ಬರ್ರಿ. ಕಣ್ಣಾರೆ ನೋಡಿ ಆಮೇಲೆ ಬ್ಯಾಡ ಅನ್ರಿ’ ಎಂದ. ನೋಡದೆ ನಿಷೇಧಿಸುವುದು ಶಾಸ್ತ್ರಿಗೆ ಒಪ್ಪುವ ಮಾತಲ್ಲವಷ್ಟೆ. ಫೆಬ್ರವರಿಯ ಮೊದಲ ವಾರದಲ್ಲಿ ಗಂಗಾವತಿ, ಹುಬ್ಬಳ್ಳಿ, ಅಂಕೋಲೆಯ ಮಾರ್ಗವಾಗಿ ಪ್ರಯಾಣ ಮಾಡಿದೆವು. ಬೇಡವೆಂದು ಹೇಳಲಿಕ್ಕಾಗಿಯೇ ಹೋದೆವು.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರವನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಕಡಲ ಅಂಚಿನಲ್ಲಿ 123 ಅಡಿಯ ಶಿವನ ಮೂರ್ತಿ ಕುಳಿತಿದೆ. ಅಲ್ಲಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೂರ ನೇತ್ರಾಣಿ ಎಂಬ ಸಣ್ಣ ದ್ವೀಪವಿದೆ. ಅದರ ಸುತ್ತಣ ಬಂಡೆಗಳ ಮೇಲೆ ಹವಳ ಬೆಳೆದು, ಬಣ್ಣಬಣ್ಣದ ಮೀನುಗಳು ನೆಲೆಸಿವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಮತ್ತೆ ಮುಂಗಾರು ಬರುವವರೆಗೆ ಜನರನ್ನು ಅಲ್ಲಿಗೆ ಕರೆದೊಯ್ದು ನೀರಿನಾಳವನ್ನು ತೋರಿಸುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರಿಂದ ಬಂದ ಕೊಳವೆಯನ್ನು ಬಾಯಲ್ಲಿ ಕಚ್ಚಿ, ನೀರಿನೊಳಗೇ ಉಸಿರಾಡುತ್ತ ಸಂಚರಿಸುವ ವಿದ್ಯೆಯೇ ಸ್ಕೂಬಾ. ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿಯನ್ನು ಬಿಡುವ ಇದರ ಉಪಕರಣವನ್ನು 1943ರಲ್ಲಿ ಫ್ರಾನ್ಸಿನಲ್ಲಿ ಝಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು ರೂಪಿಸಿದರು. ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ನಾವು ತಿಳಿದಿದ್ದೆವು. ಹಾಗಲ್ಲ, ನಾವು ನೀವು ಉಸಿರಾಡುವ ಗಾಳಿಯನ್ನೇ ಸೋಸಿ ಒತ್ತಿ ತುಂಬಿರುತ್ತಾರೆ.

ಕಲಿಸುವವಳು ಕಡಲತೀರದ ಮೀನುಗಾರರ ಮನೆಯ ಮಗಳು. ನಮ್ಮ ಹುಡುಗನನ್ನು ಮುಂದೆ ಕೂರಿಸಿಕೊಂಡು ನಿಯಮಗಳನ್ನು ಹೇಳುತ್ತಿದ್ದಳು. ನಾವು ಹಿಂದೆ ಕುಳಿತು ಕೇಳುತ್ತಿದ್ದೆವು. ‘ಮೊದಲನೆಯ ನಿಯಮ, ಎಲ್ಲದಕ್ಕಿಂತ ದೊಡ್ಡ ನಿಯಮ: ನೀರಿನೊಳಗೆ ಉಸಿರನ್ನು ಎಂದೂ ಹಿಡಿಯಬಾರದು’ ಎಂದಳು. ನಾವು ಬೆಚ್ಚಿದೆವು. ನೀರು ಎಂದರೆ ಉಸಿರು ಹಿಡಿಯುವುದೆಂದೇ ನಮ್ಮ ಜೀವಮಾನದ ತಿಳಿವಳಿಕೆ. ಯಾಕೆಂದು ಕೇಳಿದೆವು. ಹೇಳಿದಳು. ನಾವು ಮತ್ತೆ ಕೇಳಿದೆವು. ಮೂರನೆಯ ಪ್ರಶ್ನೆಗೆ ಆಕೆ ನಗುತ್ತ, ‘ಅಜ್ಜ, ನೀವೂ ಇಳಿಯಿರಿ, ತಿಳಿಯುತ್ತದೆ’ ಎಂದಳು. ಹತ್ತು ವರ್ಷ ತುಂಬಿದವರೆಲ್ಲ ಕಲಿಯಬಹುದು, ಮೇಲಿನ ವಯಸ್ಸಿಗೆ ಮಿತಿಯಿಲ್ಲ, ಆದರೆ ನಿಮ್ಮ ವಯಸ್ಸಿಗೆ ವೈದ್ಯರ ಪತ್ರ ಬೇಕೆಂದಳು. ವೈದ್ಯರು ಹೃದಯ, ಶ್ವಾಸಕೋಶ, ಕಿವಿ ಎಲ್ಲವನ್ನೂ ನೋಡಿ ಪತ್ರ ಕೊಟ್ಟರು. ಅವರು ಕೊಡಲಾರರೆಂಬ ಆಸೆ ನಮ್ಮ ಮನಸ್ಸಿನ ಮೂಲೆಯಲ್ಲಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ತೊಡಕು ಉಳಿಯಿತು. ಕೊರಳಲ್ಲಿ ಏನೂ ಇರಬಾರದು, ಉಪಕರಣಗಳಿಗೆ ಸಿಕ್ಕೀತು ಎಂದು ಆಕೆ ಹೇಳಿದಳು. ಅಂಗದ ಮೇಲಿನ ಲಿಂಗವನ್ನು ನಾವು ಅಗಲುವವರಲ್ಲ. ಅದನ್ನು ಬಿಟ್ಟು ಇಳಿಯಬೇಕೆಂದರೆ ಇಳಿಯುವುದಿಲ್ಲವೆಂದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ತೂಗಾಡಬಾರದು ಅಷ್ಟೇ ಅಜ್ಜ. ಒಳಗೆ ಎದೆಗೆ ಕಟ್ಟಿಕೊಳ್ಳಿ, ಮೇಲೆ ಈ ರಬ್ಬರಿನ ಅಂಗಿ ಬಿಗಿಯಾಗಿ ಕೂರುತ್ತದೆ’ ಎಂದಳು. ಬೆಳ್ಳಿಯ ಕರಡಿಗೆಯನ್ನು ಕೋಣೆಯಲ್ಲಿಟ್ಟು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಿಕೊಂಡೆವು. ನಮ್ಮ ಆಚಾರವೂ ಉಳಿಯಿತು, ಆಕೆಯ ನಿಯಮವೂ ಉಳಿಯಿತು.

ಮೊದಲ ಪಾಠ ಎದೆಮಟ್ಟದ ನೀರಿನ ಕೊಳದಲ್ಲಿ. ಕೊಳವೆಯನ್ನು ಕಚ್ಚಿ, ಕನ್ನಡಕ ಹಾಕಿಕೊಂಡು ಮೊಣಕಾಲೂರಿ ಕುಳಿತು ತಲೆ ಮುಳುಗಿಸಬೇಕು. ಮುಳುಗಿಸಿದೆವು. ಕೂಡಲೇ ಆಕೆ ನಮ್ಮ ಭುಜ ಹಿಡಿದು ಮೇಲೆತ್ತಿದಳು. ‘ಗುಳ್ಳೆ ಬರುತ್ತಿಲ್ಲ, ಉಸಿರಾಡುತ್ತಿಲ್ಲ ನೀವು’ ಎಂದಳು. ಎರಡನೆಯ ಸಲವೂ ಹಾಗೆಯೇ. ನಾವು ಗರ್ವದಿಂದಲೇ ಹೇಳಿದೆವು: ‘ನಮಗೆ ಕುಂಭಕದ ಅಭ್ಯಾಸವಿದೆ ತಾಯಿ. ಎರಡು ನಿಮಿಷ ಹಿಡಿಯಬಲ್ಲೆವು.’ ಆಕೆ ಗೌರವದಿಂದಲೇ ಉತ್ತರ ಕೊಟ್ಟಳು: ‘ಅದು ನೆಲದ ವಿದ್ಯೆ ಅಜ್ಜ. ಇಲ್ಲಿ ಅದೇ ಪ್ರಾಣಕ್ಕೆ ಮುಳುವು.’

ಕಾರಣವನ್ನು ಆಕೆ ಪುಗ್ಗೆಯ ದೃಷ್ಟಾಂತದಿಂದ ವಿವರಿಸಿದಳು. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ನಮ್ಮ ಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಮೇಲೆ ಊದಿ ಕಟ್ಟಿದ ಪುಗ್ಗೆ ಅಲ್ಲಿ ಅರ್ಧಕ್ಕೆ ಕುಗ್ಗುತ್ತದೆ. ಅಲ್ಲಿಯೇ ತುಂಬ ಊದಿ ಕಟ್ಟಿದ ಪುಗ್ಗೆ ಮೇಲೆ ಬರುತ್ತ ಎರಡರಷ್ಟು ಹಿಗ್ಗಿ ಒಡೆಯುತ್ತದೆ. 1662ರಲ್ಲಿಯೇ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವಿದು. ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಎಳೆದು, ಉಸಿರು ಹಿಡಿದು ಮೇಲೇರಿದವನ ಶ್ವಾಸಕೋಶದ ಗತಿಯೂ ಅದೇ. ಆಳುದ್ದದ ನೀರಿನಿಂದ ಏರುವಾಗಲೂ ಈ ಅಪಾಯವುಂಟು. ಆದ್ದರಿಂದ ಎಳೆಯಬೇಕು, ಬಿಡಬೇಕು, ನಡುವೆ ನಿಲ್ಲಿಸಕೂಡದು. ನಾವು ಹೆಚ್ಚೆಂದು ತಿಳಿದದ್ದು ಹಿಡಿಯುವುದನ್ನು. ಇಲ್ಲಿ ಜೀವ ಉಳಿಸುವುದು ಬಿಡುವುದು.

ಅಂದು ಹನ್ನೊಂದು ಸಲ ಮುಳುಗಿದೆವು. ಹನ್ನೊಂದನೆಯ ಸಲ ಗುಳ್ಳೆಗಳು ಎದ್ದವು. ಕಿವಿಯ ಪಕ್ಕದಲ್ಲಿಯೇ ಗುಳುಗುಳು ಸದ್ದು ಕೇಳಿ ಮಗುವಿನಂತೆ ಹಿಗ್ಗಿದೆವು. ಮರುದಿನ ಕನ್ನಡಕದೊಳಗೆ ನೀರು ತುಂಬಿಸಿ, ಮೂಗಿನಿಂದ ಗಾಳಿ ಬಿಟ್ಟು ಅದನ್ನು ಹೊರಹಾಕುವ ಪಾಠ. ಮಠದಲ್ಲಿ ಜಲನೇತಿ ಮಾಡಿದ್ದವರಿಗೆ ಅದು ಸುಲಭವಾಯಿತು. ನಮ್ಮ ಹುಡುಗ ಕೆಮ್ಮಿ ಕಣ್ಣು ಕೆಂಪಗಾಗಿಸಿಕೊಂಡ. ಕೈಸನ್ನೆಗಳೂ ಇದ್ದವು. ನೀರಿನಲ್ಲಿ ಮಾತಿಲ್ಲವಾದ್ದರಿಂದ ಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಎಲ್ಲ ಕ್ಷೇಮವೆನ್ನಲು ಹೆಬ್ಬೆರಳು ತೋರುಬೆರಳುಗಳ ತುದಿ ಸೇರಿಸಿ ಉಳಿದ ಮೂರನ್ನು ನೀಡಬೇಕು. ನೋಡಿ ಬೆರಗಾದೆವು: ಅದು ನಾವು ಐವತ್ತು ವರ್ಷ ಮಾಡುತ್ತ ಬಂದ ಚಿನ್ಮುದ್ರೆಯೇ!

ಆ ಸಂಜೆ ಕಡಲ ದಂಡೆಯಲ್ಲಿ ಕುಳಿತಾಗ ಆಕೆ ಸಹಜವಾಗಿ ಕೇಳಿದಳು: ‘ಅಜ್ಜ, ನೀರಿನಲ್ಲಿ ಮುಖ ಮುಳುಗುತ್ತಲೇ ನಿಮ್ಮ ಉಸಿರು ಕಟ್ಟುತ್ತದೆ. ಅಭ್ಯಾಸವಲ್ಲ, ಭಯ. ಏನಾಗಿತ್ತು?’ ಐವತ್ತು ವರ್ಷ ಯಾರೂ ಕೇಳದ ಪ್ರಶ್ನೆ. ನಮ್ಮ ಹುಡುಗ ಪಕ್ಕದಲ್ಲಿಯೇ ಇದ್ದ. ಎಲ್ಲವನ್ನೂ ಹೇಳಿದೆವು: ಮಡು, ಪಂದ್ಯ, ಮುಳುಗುವ ಮೊದಲಿನ ಆ ರಭಸದ ಉಸಿರಾಟ, ಕದಡದ ನೀರು. ಕೇಳುತ್ತ ಕೇಳುತ್ತ ಆಕೆಯ ಮುಖ ಬದಲಾಯಿತು. ‘ಎಷ್ಟು ಸಲ ಹಾಗೆ ಉಸಿರಾಡಿದಿರಿ?’ ಎಂದು ಮತ್ತೊಮ್ಮೆ ಕೇಳಿದಳು.

ಆಮೇಲೆ ಆಕೆ ಹೇಳಿದ್ದನ್ನು ಓದುಗರು ಗಮನವಿಟ್ಟು ಓದಬೇಕು. ಉಸಿರು ಹಿಡಿದವನಿಗೆ ಉಸಿರಾಡಬೇಕೆಂಬ ತಳಮಳ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದುದರಿಂದಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದುದರಿಂದ. ಅದು ದೇಹದ ಎಚ್ಚರಿಕೆಯ ಗಂಟೆ. ರಭಸದಿಂದ ಮೇಲಿಂದ ಮೇಲೆ ಉಸಿರಾಡಿದರೆ ದೇಹದಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಗಂಟೆ ಬಾರಿಸುವುದು ತಡವಾಗುತ್ತದೆ. ಅಷ್ಟರೊಳಗೆ ಆಮ್ಲಜನಕ ತೀರಿ ಎಚ್ಚರ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ಚೆನ್ನಾಗಿ ಈಜು ಬಲ್ಲವರೂ ಎದೆಯುದ್ದದ ನೀರಿನಲ್ಲಿ ಹೀಗೆ ಸಾಯುತ್ತಾರೆ. ‘ಹೀಗೆಯೇ ಆಯಿತೆಂದು ನಾನು ಹೇಳಲಾರೆ ಅಜ್ಜ. ಆದರೆ ಹೀಗೂ ಆಗುತ್ತದೆ. ನೀವು ಹೇಳಿದ್ದೆಲ್ಲ ಇದಕ್ಕೆ ಹೊಂದುತ್ತದೆ’ ಎಂದಳು.

ಆ ರಾತ್ರಿ ನಾವು ಮಲಗಲಿಲ್ಲ. ಸುಳಿಯಲ್ಲ, ಗಂಗಮ್ಮನಲ್ಲ. ನಾವು ಹೇಳಿಕೊಟ್ಟ ಉಪಾಯ. ಐವತ್ತು ವರ್ಷ ಪಂದ್ಯದ ಭಾರವನ್ನು ಹೊತ್ತಿದ್ದೆವು. ಈಗ ಅದರ ಮೇಲೆ ಉಪಾಯದ ಭಾರವೂ ಬಂತು. ಆದರೆ ಅದರ ಸಂಗಡವೇ ಇನ್ನೊಂದು ತಿಳಿವೂ ಬಂತು. ಅವನು ನೀರಿನಡಿಯಲ್ಲಿ ನಮ್ಮನ್ನು ಕರೆದಿರಬೇಕು, ನಾವು ಎಣಿಸುತ್ತ ನಿಂತಿದ್ದೆವು, ಎಂಬ ಚಿತ್ರ ಪ್ರತಿ ರಾತ್ರಿ ಕಣ್ಣಿಗೆ ಬರುತ್ತಿತ್ತು. ಅವನು ಕರೆದಿರಲಾರ. ಗೆಲ್ಲುತ್ತಿದ್ದೇನೆಂಬ ಸಂತೋಷದಲ್ಲಿಯೇ ಅವನ ಎಚ್ಚರ ಹೋಗಿರಬೇಕು. ಬೆಳಗಾಗುವ ಹೊತ್ತಿಗೆ ಸಮುದ್ರಕ್ಕೆ ಇಳಿಯುವುದೆಂದು ನಿಶ್ಚಯಿಸಿದೆವು.

ದೋಣಿಯಲ್ಲಿ ಒಂದೂವರೆ ಗಂಟೆಯ ದಾರಿ. ಶಿವನ ಮೂರ್ತಿ ಅಂಗೈಯಷ್ಟಾಗಿ, ಬೆರಳಷ್ಟಾಗಿ ಕಣ್ಮರೆಯಾಯಿತು. ನಮಗೆ ಎರಡು ಸಲ ವಾಂತಿಯಾಯಿತು. ನೇತ್ರಾಣಿಯ ಬಂಡೆಗಳ ಮರೆಯಲ್ಲಿ ದೋಣಿ ನಿಂತಾಗ ನೀರು ಹಸಿರುನೀಲಿಯಾಗಿ ತಿಳಿಯಾಗಿತ್ತು. ಕಟ್ಟಿದ ಸಿಲಿಂಡರಿನ ಭಾರಕ್ಕೆ ದೋಣಿಯಲ್ಲಿ ನಮ್ಮ ನಡು ಬಾಗಿತ್ತು. ನೀರಿಗೆ ಬಿದ್ದೊಡನೆ ಆ ಭಾರವೆಲ್ಲ ಎಲ್ಲಿಯೋ ಹೋಯಿತು. ಗುರುಪುತ್ರಿ ನಮ್ಮ ತೋಳನ್ನು ಬಿಡದೆ ಹಿಡಿದಿದ್ದಳು. ಹಗ್ಗ ಹಿಡಿದು ಮೆಲ್ಲಗೆ ಇಳಿದೆವು. ಎರಡಾಳು ಇಳಿಯುವಷ್ಟರಲ್ಲಿ ಕಿವಿ ನೋಯತೊಡಗಿತು. ಮೂಗು ಹಿಡಿದು ಮೆತ್ತಗೆ ಗಾಳಿ ಒತ್ತಿದರೆ ಕಿವಿಯೊಳಗೆ ‘ಟಪ್’ ಎಂದು ನೋವು ಹೋಗುತ್ತದೆಂದು ಕಲಿಸಿದ್ದಳು. ಆಗಲಿಲ್ಲ. ಸನ್ನೆ ಮಾಡಿದೆವು, ಸ್ವಲ್ಪ ಮೇಲೇರಿಸಿ ಮತ್ತೆ ಒತ್ತಿಸಿದಳು. ನೋವು ಹೋಯಿತು. ಅವಸರವೆಂಬುದು ಆಕೆಯಲ್ಲಿ ಇರಲೇ ಇಲ್ಲ.

ಆರೇಳು ಮೀಟರಿನ ಆಳದಲ್ಲಿ ತಳ ಕಂಡಿತು. ಬಂಡೆಗಳು. ನಮ್ಮ ಹೊಳೆಯಂಥವೇ ಬಂಡೆಗಳು. ಅವುಗಳ ನಡುವಿನ ಕಪ್ಪು ಸಂದನ್ನು ಕಂಡೊಡನೆ ನಮ್ಮ ಎದೆ ಹಿಡಿಯಿತು. ಉಸಿರು ನಿಂತಿತು. ಯಾವ ಕೊಳದ ಪಾಠವೂ ನೆನಪಿಗೆ ಬರಲಿಲ್ಲ; ನಾವು ಹನ್ನೆರಡು ವರ್ಷದವರಾಗಿದ್ದೆವು. ಗುಳ್ಳೆ ನಿಂತದ್ದನ್ನು ಆಕೆ ಆ ಕ್ಷಣದಲ್ಲಿಯೇ ಕಂಡಳು. ನಮ್ಮ ಕಣ್ಣಿನೆದುರು ಬಂದು, ತನ್ನ ಬಾಯ ಬಳಿಯಿಂದ ಕೈಯನ್ನು ಮುಂದಕ್ಕೆ ನಿಧಾನವಾಗಿ ಚಾಚಿದಳು: ಬಿಡಿ. ಮತ್ತೊಮ್ಮೆ: ಬಿಡಿ. ಬಿಟ್ಟೆವು. ಎಷ್ಟೋ ಹೊತ್ತಿನಿಂದ, ಎಷ್ಟೋ ವರ್ಷದಿಂದ ಕಟ್ಟಿದ್ದ ಉಸಿರು ಗುಳ್ಳೆಗಳಾಗಿ ಮೇಲಕ್ಕೆ ಹೋಯಿತು. ಮತ್ತೆ ಎಳೆದೆವು, ಗಾಳಿ ಬಂತು. ಚಿನ್ಮುದ್ರೆ ತೋರಿಸಿದೆವು. ಆಕೆಯೂ ತೋರಿಸಿದಳು.

ಆಮೇಲೆ ಕಂಡದ್ದನ್ನು ಬಣ್ಣಿಸಲು ನಮ್ಮ ಸಂಸ್ಕೃತವೂ ಸಾಲದು, ಕನ್ನಡವೂ ಸಾಲದು. ಗಿಳಿಮೀನುಗಳೆಂಬ ಹಸಿರುನೀಲಿ ಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಹವಳವನ್ನು ಕೆರೆದು ತಿನ್ನುತ್ತವೆ. ಅದರ ಕಟಕಟ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹಾಗೆ ತಿಂದ ಹವಳವೇ ಅವುಗಳ ಹೊಟ್ಟೆಯಿಂದ ಮರಳಾಗಿ ಬೀಳುತ್ತದಂತೆ. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ನಮ್ಮ ಮೂಗಿನ ಮುಂದೆಯೇ ಹಾದುಹೋದವು. ಉಸಿರೆಳೆದರೆ ನಮ್ಮ ದೇಹ ಒಂದು ಗೇಣು ಮೇಲೇಳುತ್ತಿತ್ತು. ಬಿಟ್ಟರೆ ಒಂದು ಗೇಣು ಇಳಿಯುತ್ತಿತ್ತು. ಪ್ರಾಣವೇ ದೇಹವನ್ನು ಹೊರುತ್ತದೆಂದು ವ್ಯಾಖ್ಯಾನ ಮಾಡಿದವರು ನಾವು. ಅದನ್ನು ಕಣ್ಣಾರೆ ಕಂಡದ್ದು ಅಂದೇ. ಇಪ್ಪತ್ತು ನಿಮಿಷದ ಮೇಲೆ ಹೆಬ್ಬೆರಳೆತ್ತಿ ಮೇಲೆ ಬಂದೆವು.

ನಮಗೆ ಯಾವ ಪ್ರಮಾಣಪತ್ರವೂ ದೊರೆಯಲಿಲ್ಲ. ನಾವು ಮಾಡಿದ್ದು 12 ಮೀಟರ್ ಮೀರದ, ಶಿಕ್ಷಕಿಯ ಕೈ ಹಿಡಿದ ಪ್ರಥಮ ಪ್ರಯೋಗ ಮಾತ್ರ. ಪೂರ್ಣ ಶಿಕ್ಷಣಕ್ಕೆ 200 ಮೀಟರ್ ಈಜಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಿ ನಿಲ್ಲಬೇಕು. ಐವತ್ತು ವರ್ಷ ನೀರು ಮುಟ್ಟದವರಿಗೆ ಅದು ಒದಗಲಿಲ್ಲ. ನಮ್ಮ ಹುಡುಗ ಅವೆಲ್ಲವನ್ನೂ ಮುಗಿಸಿ 18 ಮೀಟರ್ ಇಳಿಯುವ ಅರ್ಹತೆ ಪಡೆದ. ‘ಬ್ಯಾಡ ಅಂತೀರೇನ್ರಿ ಅಜ್ಜಾರ?’ ಎಂದ. ನಾವು ಮಾತಾಡಲಿಲ್ಲ, ಬೆರಳು ಸೇರಿಸಿ ತೋರಿಸಿದೆವು.

ಊರಿಗೆ ಬಂದು ಈ ವಿದ್ಯೆಯ ಮೂಲವನ್ನು ಓದಿದೆವು. ಉಸಿರಾಟದ ಲಗಾಮು ಇಂಗಾಲದ ಡೈಆಕ್ಸೈಡಿನ ಕೈಯಲ್ಲಿದೆಯೆಂದು 1905ರಲ್ಲಿ ತೋರಿಸಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಸಂಗಡಿಗ ಪ್ರೀಸ್ಟ್ಲಿ. ಆಳದಿಂದ ಮುಳುಗುಗಾರರು ಹಂತಹಂತವಾಗಿ ಹೇಗೆ ಮೇಲೆ ಬರಬೇಕೆಂಬ ಲೆಕ್ಕವನ್ನು 1908ರಲ್ಲಿ ಕೊಟ್ಟವರೂ ಆ ಹಾಲ್ಡೇನರೇ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಾವು ಮಡುವಿನಲ್ಲಿ ಆಡುತ್ತಿದ್ದ ದಿನಕ್ಕೆ ಈ ತಿಳಿವು ಹುಟ್ಟಿ ಅರವತ್ತೆಂಟು ವರ್ಷವಾಗಿತ್ತು. ನಮ್ಮ ಓಣಿಗೆ ಅದು ತಲುಪಿರಲಿಲ್ಲ.

ಉಳಿದದ್ದು ಒಂದೇ ಕೆಲಸ. ಗೆಳೆಯನ ತಂದೆತಾಯಿಗಳು ಇಂದಿಲ್ಲ. ಅಕ್ಕನಿದ್ದಾಳೆ, ಎಪ್ಪತ್ತು ದಾಟಿದೆ. ಹೋಗಿ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಮ್ಮವ್ವ ಗಂಗವ್ವಗ ಹರಕಿ ಹೊತ್ತು ತೀರಿಸಿದ್ದಿಲ್ಲ. ಅದಕ್ಕ ಮಗನ್ನ ಕೊಂಡೊಯ್ದಳು ಅಂತ ಸಾಯೂತನಕ ತನ್ನನ್ನ ತಾನ ಬೈಕೊಂಡಳು. ಇಷ್ಟ ವರ್ಷ ಯಾಕ ಹೇಳಲಿಲ್ಲ?’ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಏಳುವಾಗ ಆಕೆ ಕೇಳಿದಳು: ‘ಅಂವ ಒದ್ದಾಡಲಿಲ್ಲೇನು?’ ‘ಇಲ್ಲವ್ವ’ ಎಂದೆವು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ನಾವು ಕಲಿತು ಬಂದ ವರ್ಷದ ಡಿಸೆಂಬರ್ 10ರಂದು ಅದೇ ಮುರುಡೇಶ್ವರದ ತೀರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ಕ್ಷೇಮವೆಂದು ನಾವು ತಿಳಿದಿದ್ದೆವು; ದೂರವಿಟ್ಟ ಮಕ್ಕಳು ಕದ್ದು ಹೋಗುತ್ತಾರೆ. ಬಲ್ಲವರಿಂದ ಈಜು ಕಲಿಸಿರಿ. ನೀರಿನಲ್ಲಿ ಉಸಿರು ಹಿಡಿಯುವ ಪಂದ್ಯವನ್ನು ಕಟ್ಟಬೇಡಿರೆಂದು, ಮುಳುಗುವ ಮೊದಲು ರಭಸದಿಂದ ಉಸಿರಾಡಬಾರದೆಂದು ಕಾರಣಸಹಿತ ಹೇಳಿರಿ. ಈಜು ಬಾರದವರು ಕಾಪಾಡಲೆಂದು ಧುಮುಕದೆ ಹಗ್ಗವನ್ನೋ ಧೋತರವನ್ನೋ ಮುಚ್ಚಿದ ಖಾಲಿ ಡಬ್ಬಿಯನ್ನೋ ಎಸೆಯಲಿ. ಎತ್ತಿದ ಮೇಲೆ ಉಸಿರಿಲ್ಲದಿದ್ದರೆ ತಲೆಕೆಳಗು ಮಾಡಿ ತಿರುಗಿಸುತ್ತ, ಹೊಟ್ಟೆ ಒತ್ತುತ್ತ ಕಾಲ ಕಳೆಯಬೇಡಿರಿ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯನ್ನು ಒತ್ತುವ ಕ್ರಮವನ್ನು ಊರಿನಲ್ಲಿ ನಾಲ್ವರಾದರೂ ಕಲಿತಿರಲಿ.

ನಮ್ಮ ಮನೆಯ ಕಟ್ಟಳೆಯನ್ನು ನಾವೇ ತೆಗೆದುಹಾಕಿದ್ದೇವೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದ ನಮ್ಮ ಹುಡುಗ ಓಣಿಯ ಆರು ಮಕ್ಕಳಿಗೆ ಹೊಳೆಯಲ್ಲಿ ಈಜು ಕಲಿಸಿದ. ನಾವು ದಡದಲ್ಲಿ ಹಗ್ಗ ಹಿಡಿದು ನಿಂತಿದ್ದೆವು. ಯಾರ ತಲೆ ಮುಳುಗಿದರೂ, ಗುಳ್ಳೆ ಏಳುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ. ಕೊನೆಯ ದಿನ ಧೋತರದ ಕಚ್ಚೆ ಬಿಗಿದು ನಾವೂ ಎದೆಮಟ್ಟದ ನೀರಿಗಿಳಿದೆವು.